ಮಕ್ಕಳ ಬೇಸಿಗೆ ಶಿಬಿರ: ಹಾಡು, ಆಟಕ್ಕೂ ಮೊದಲು ತಲೆ ಎಣಿಸಲು ಕಲಿಯಿರಿ

ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ 47 ಅಂತ ಬರೆದಿತ್ತು. ಊಟಕ್ಕೆ ಸಾಲಾಗಿ ನಿಂತ ಮಕ್ಕಳನ್ನು ಎಣಿಸಿದೆ. 46. ಇನ್ನೊಂದು ಸಲ ಎಣಿಸಿದೆ. ಮತ್ತೆ 46.

ಊಟ ನಿಲ್ಲಿಸಿದೆವು. ಗುಂಪಿನ ನಾಯಕರು ಒಬ್ಬೊಬ್ಬರಾಗಿ ಹೆಸರು ಕರೆದರು. ಎಂಟು ವರ್ಷದ ಒಬ್ಬ ಹುಡುಗಿ ಇರಲಿಲ್ಲ. ಇಬ್ಬರು ಕೆರೆಯ ಕಡೆ ಓಡಿದರು, ಇಬ್ಬರು ಗೇಟಿನ ಕಡೆ. ಹನ್ನೊಂದು ನಿಮಿಷ ಆದ ಮೇಲೆ ಅವಳು ಸಿಕ್ಕಳು. ಶೌಚಾಲಯದ ಒಳಗೆ ಚಿಲಕ ಸಿಕ್ಕಿಹಾಕಿಕೊಂಡಿತ್ತು. ಬಾಗಿಲು ತೆಗೆದಾಗ ಬೆವರಿನಲ್ಲಿ ತೊಯ್ದುಹೋಗಿದ್ದಳು. "ತುಂಬ ಕೂಗಿದೆ ಅಕ್ಕಾ, ಹಾಡು ಜೋರಾಗಿತ್ತು" ಅಂದಳು.

ನಾವು ಹಾಡುತ್ತಿದ್ದದ್ದು ದೇವರ ಪ್ರೀತಿಯ ಹಾಡನ್ನೇ. ಆ ಹಾಡೇ ಅವಳ ಕೂಗು ಕೇಳಿಸದ ಹಾಗೆ ಮಾಡಿತ್ತು.

ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಬರುವ ತಪ್ಪಿಹೋದ ಕುರಿಯ ಕಥೆಯನ್ನು ಸಂಡೇ ಸ್ಕೂಲಿನಲ್ಲಿ ಎಷ್ಟು ಸಲ ಹೇಳಿದ್ದೇವೋ ಲೆಕ್ಕವಿಲ್ಲ. ಕುರುಬ 99 ಕುರಿಗಳನ್ನು ಬಿಟ್ಟು ಒಂದನ್ನು ಹುಡುಕಿಕೊಂಡು ಹೋದ. ಆದರೆ ಹೋಗುವ ಮೊದಲು ಒಂದು ಕಡಿಮೆ ಇದೆ ಅಂತ ಅವನಿಗೆ ಗೊತ್ತಾಗಬೇಕಿತ್ತಲ್ವಾ? ನೂರನ್ನೂ ಎಣಿಸಿದ್ದರಿಂದಲೇ ಗೊತ್ತಾಯಿತು. ಮಕ್ಕಳ ಶಿಬಿರ ನಡೆಸುವ ಮಿಷನ್ ತಂಡಕ್ಕೆ ನಾನು ಮೊದಲು ಹೇಳುವ ಮಾತು ಇದೇ. ಮುಂದೆ ಹೇಳುವುದೆಲ್ಲ ಈ ಎಣಿಕೆಗೇ ಸೇರಿದ್ದು.

ಮೊದಲ ಹೆಜ್ಜೆ: ಎಷ್ಟು ಮಕ್ಕಳು ಅಂತ ನಿರ್ಧರಿಸಿ

ಈ ಕೆಲಸ ಶಿಬಿರಕ್ಕೆ ಕನಿಷ್ಠ ಮೂರು ತಿಂಗಳು ಮೊದಲೇ ಆಗಬೇಕು. ಸಾಮಾನ್ಯವಾಗಿ ತಂಡಗಳು ಜಾಗ ನೋಡಿ ಮಕ್ಕಳ ಸಂಖ್ಯೆ ಹೇಳುತ್ತವೆ. "ಮೈದಾನ ದೊಡ್ಡದಿದೆ, ನೂರು ಮಕ್ಕಳು ಹಿಡಿಸುತ್ತಾರೆ" ಅಂತ. ಹಾಗೆ ಮಾಡಬೇಡಿ. ನಿಮ್ಮ ಹತ್ತಿರ ಎಷ್ಟು ಜನ ನಂಬಿಕಸ್ಥ ದೊಡ್ಡವರಿದ್ದಾರೆ ಅಂತ ಮೊದಲು ನೋಡಿ. ಮಕ್ಕಳ ಸಂಖ್ಯೆ ಅದರಿಂದ ಬರಬೇಕು.

ರಾತ್ರಿ ಉಳಿಯುವ ಶಿಬಿರಗಳಿಗೆ ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ ಹೇಳುವ ಲೆಕ್ಕ ನೆನಪಿಡಲು ಸುಲಭ. 6ರಿಂದ 8 ವರ್ಷದ 6 ಮಕ್ಕಳಿಗೆ ಒಬ್ಬರು. 9ರಿಂದ 14 ವರ್ಷದ 8 ಮಕ್ಕಳಿಗೆ ಒಬ್ಬರು. 15 ದಾಟಿದ 10 ಮಕ್ಕಳಿಗೆ ಒಬ್ಬರು. ಅಂದರೆ ಹತ್ತು ವರ್ಷದ ಆಸುಪಾಸಿನ 48 ಮಕ್ಕಳು ಬರುತ್ತಾರೆ ಅಂದರೆ ಕಡಿಮೆ ಅಂದರೂ 6 ಗುಂಪು ನಾಯಕರು ಬೇಕು. ಅಡುಗೆಯವರು, ಪ್ರಥಮ ಚಿಕಿತ್ಸೆ ನೋಡುವವರು, ಪಾಠ ಹೇಳುವವರು ಈ ಆರರಲ್ಲಿ ಸೇರಿಲ್ಲ.

ಇದರ ಮೇಲೆ ಒಬ್ಬರನ್ನು ಯಾವ ಕೆಲಸವೂ ಕೊಡದೆ ಇಟ್ಟುಕೊಳ್ಳಿ. ಮಗುವೊಂದಕ್ಕೆ ಜ್ವರ ಬಂದರೆ ಆಸ್ಪತ್ರೆಗೆ ಹೋಗುವವರು ಇವರು. ಯಾರಾದರೂ ಸುಸ್ತಾದರೆ ಆ ಜಾಗಕ್ಕೆ ನಿಲ್ಲುವವರೂ ಇವರೇ. ಸುಮ್ನೆ ಕೂತಿದ್ದಾರೆ ಅಂತ ಮೊದಲ ದಿನ ಎಲ್ಲರಿಗೂ ಅನಿಸುತ್ತದೆ. ಎರಡನೇ ದಿನ ಹಾಗೆ ಅನಿಸುವುದಿಲ್ಲ.

ಚಿಕ್ಕ ಗುಂಪು ಹೊಸ ಉಪಾಯವೇನಲ್ಲ. ಸ್ಕೌಟ್ ಚಳವಳಿ ಶುರುಮಾಡಿದ ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಸ್ಕೌಟ್ ಶಿಬಿರ ಮಾಡಿದಾಗ ಸುಮಾರು ಇಪ್ಪತ್ತು ಹುಡುಗರಿದ್ದರು. ಅಷ್ಟೇ ಜನರನ್ನೂ ನಾಲ್ಕು ಗುಂಪು ಮಾಡಿದರು. ಮಾರ್ಕನ ಸುವಾರ್ತೆಯ 6ನೇ ಅಧ್ಯಾಯದಲ್ಲೂ ಯೇಸು ಐದು ಸಾವಿರ ಜನರಿಗೆ ಊಟ ಕೊಡುವ ಮೊದಲು ಅವರನ್ನು ಹಸಿರು ಹುಲ್ಲಿನ ಮೇಲೆ ಗುಂಪುಗುಂಪಾಗಿ ಕೂರಿಸುತ್ತಾನೆ. ಹೊರಾಂಗಣ ಶಿಬಿರ ನಡೆಸುವವರಿಗೆ ಆ ಸಾಲು ಬೇರೆ ರೀತಿಯಲ್ಲೇ ಅರ್ಥವಾಗುತ್ತದೆ.

ತಂಡ ಬೇರೆ ಊರಿನಿಂದ ಬರುವುದಾದರೆ ಗುಂಪು ನಾಯಕರಲ್ಲಿ ಅರ್ಧದಷ್ಟಾದರೂ ಅಲ್ಲಿನ ಸಭೆಯವರೇ, ಅಂದರೆ ಚರ್ಚಿನವರೇ, ಇರಲಿ. ನೀವು ವಾರದಲ್ಲಿ ಹೊರಟುಹೋಗುತ್ತೀರಿ. ಮಗು ಮುಂದಿನ ಭಾನುವಾರ ಸಭೆಗೆ ಬಂದರೆ ಅಲ್ಲಿ ಗುರುತಿನ ಒಂದು ಮುಖ ಕಾಣಬೇಕು.

ತಂಡ ಆರಿಸುವಾಗ ದಾಕ್ಷಿಣ್ಯ ಬೇಡ

ಇದು ಎಲ್ಲಕ್ಕಿಂತ ಕಷ್ಟದ ಭಾಗ. ಸಭೆಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಗೊತ್ತು. "ಅವರು ನಮ್ಮವರೇ, ಅವರನ್ನೇನು ವಿಚಾರಿಸುವುದು" ಅಂತ ಮಾತು ಬಂದೇ ಬರುತ್ತದೆ. ಆದರೂ ವಿಚಾರಿಸಿ. ಸಭಾಪಾಲಕರಿಂದ ಹಿಡಿದು ಅಡುಗೆಯವರವರೆಗೆ ಎಲ್ಲರಿಗೂ ಒಂದೇ ಅರ್ಜಿ ಕೊಡಿ. ಅವರ ಬಗ್ಗೆ ಹೇಳಬಲ್ಲ ಇಬ್ಬರ ಹೆಸರು ಕೇಳಿ, ಆ ಇಬ್ಬರಿಗೂ ಫೋನ್ ಮಾಡಿ. ನಿಮ್ಮಲ್ಲಿ ಪೊಲೀಸ್ ಪರಿಶೀಲನೆ ಮಾಡಿಸಲು ದಾರಿ ಇದ್ದರೆ ಅದನ್ನೂ ಮಾಡಿಸಿ. ಎಲ್ಲರಿಗೂ ಒಂದೇ ನಿಯಮ ಇದ್ದಾಗ ಯಾರಿಗೂ ಅವಮಾನ ಆಗುವುದಿಲ್ಲ.

ಆಮೇಲೆ ಇಬ್ಬರ ನಿಯಮ. ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಒಂಟಿಯಾಗಿ, ಬೇರೆಯವರ ಕಣ್ಣಿಗೆ ಬೀಳದ ಜಾಗದಲ್ಲಿ ಇರಬಾರದು. ಡೇರೆಯಲ್ಲಿ ಇರಬಾರದು, ವಾಹನದಲ್ಲಿ ಇರಬಾರದು, ಪ್ರಾರ್ಥನೆಗೆ ಅಂತಲೂ ಇರಬಾರದು. ಒಂದು ಮಗು ಅಳುತ್ತಾ ಮಾತಾಡಬೇಕು ಅಂದರೆ ಮರದ ಕೆಳಗೆ, ಎಲ್ಲರಿಗೂ ಕಾಣುವಂತೆ, ಆದರೆ ಮಾತು ಕೇಳಿಸದಷ್ಟು ದೂರ ಕೂತು ಮಾತಾಡಿ. ಈ ನಿಯಮ ಮಗುವನ್ನು ಕಾಯುತ್ತದೆ. ಒಳ್ಳೆಯ ನಾಯಕರ ಮೇಲೆ ಸುಳ್ಳು ಮಾತು ಬಾರದಂತೆಯೂ ಕಾಯುತ್ತದೆ.

ಶಿಬಿರದಲ್ಲಿ ಮಕ್ಕಳು ಮನಸ್ಸು ಬಿಚ್ಚುತ್ತಾರೆ. ಮನೆಯಲ್ಲಿ ಯಾರೋ ಹೊಡೆಯುತ್ತಾರೆ ಅಥವಾ ಮುಟ್ಟಬಾರದ ಕಡೆ ಮುಟ್ಟುತ್ತಾರೆ ಅಂತ ಮಗು ಹೇಳಬಹುದು. ಆಗ "ಯಾರಿಗೂ ಹೇಳುವುದಿಲ್ಲ" ಅಂತ ಮಾತು ಕೊಡಬೇಡಿ. ಆ ಮಾತನ್ನು ಉಳಿಸಿಕೊಳ್ಳಲು ಆಗುವುದಿಲ್ಲ, ಉಳಿಸಿಕೊಳ್ಳಲೂಬಾರದು. ಗಾಬರಿ ತೋರಿಸದೆ ಕೇಳಿ. ಪ್ರಶ್ನೆ ಮೇಲೆ ಪ್ರಶ್ನೆ ಹಾಕಬೇಡಿ. "ನೀನು ಹೇಳಿದ್ದು ಒಳ್ಳೆಯದಾಯಿತು, ಇದು ನಿನ್ನ ತಪ್ಪಲ್ಲ" ಅನ್ನಿ. ನಿನಗೆ ಸಹಾಯ ಮಾಡಬಲ್ಲವರಿಗೆ ಇದನ್ನು ಹೇಳಲೇಬೇಕು ಅಂತಲೂ ತಿಳಿಸಿ. ಮಗು ಬಳಸಿದ ಮಾತುಗಳನ್ನೇ ಅವತ್ತೇ ಬರೆದಿಡಿ. ಮಕ್ಕಳ ಸುರಕ್ಷತೆಗೆ ಅಂತ ತಂಡದಲ್ಲಿ ಮೊದಲೇ ಒಬ್ಬರನ್ನು ನೇಮಿಸಿರಬೇಕು. ಅವರಿಗೆ ತಿಳಿಸಿ, ಅವರು ನಿಮ್ಮ ಕಾನೂನಿನ ಪ್ರಕಾರ ದೂರು ಕೊಡಲಿ. ಸಭೆಯ ಮರ್ಯಾದೆ ಅಂತ ಇದನ್ನು ಮುಚ್ಚಿಡುವುದು ಪಾಪ. ನಾನು ಇದನ್ನು ಯೋಚಿಸಿಯೇ ಬರೆಯುತ್ತಿದ್ದೇನೆ.

ಫೋಟೋ ವಿಷಯ ಬೇಗ ಮುಗಿಸುತ್ತೇನೆ. ಪೋಷಕರ ಸಹಿ ಇಲ್ಲದೆ ಮಕ್ಕಳ ಫೋಟೋ ಎಲ್ಲೂ ಹಾಕಬೇಡಿ. ಇಡೀ ಶಿಬಿರಕ್ಕೆ ಒಬ್ಬರೇ ಫೋಟೋ ತೆಗೆಯಲಿ. ಉಳಿದವರ ಫೋನು ಜೇಬಿನಲ್ಲಿರಲಿ.

ಜಾಗವನ್ನು ನಡೆದು ನೋಡಿ

ಮಧ್ಯಾಹ್ನ ಒಂದು ಸಲ, ಕತ್ತಲಾದ ಮೇಲೆ ಒಂದು ಸಲ. ಬೆಳಿಗ್ಗೆ ತಂಪಿನಲ್ಲಿ ನೋಡಿ ಬಂದ ಜಾಗ ಎಷ್ಟು ಚೆನ್ನಾಗಿ ಕಂಡರೂ ನಂಬಬೇಡಿ. ಮಧ್ಯಾಹ್ನ ಒಂದು ಗಂಟೆಗೆ ನೆರಳು ಎಲ್ಲಿ ಬೀಳುತ್ತದೆ ಅನ್ನುವುದೇ ಮುಖ್ಯ. ರಾತ್ರಿ ಡೇರೆಯಿಂದ ಶೌಚಾಲಯಕ್ಕೆ ಟಾರ್ಚ್ ಹಿಡಿದು ನೀವೇ ನಡೆದು ಹೋಗಿ. ಕಲ್ಲು, ತಂತಿ, ಬೇರು, ಹೊಂಡ ಎಲ್ಲ ಆಗ ಗೊತ್ತಾಗುತ್ತದೆ.

ಕೆರೆ, ಹೊಳೆ, ಬಾವಿ, ತೆರೆದ ತೊಟ್ಟಿ ಎಲ್ಲಿದೆ ಅಂತ ಗುರುತು ಹಾಕಿಕೊಳ್ಳಿ. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ. ಉಸಿರಾಡಲೇ ಕಷ್ಟಪಡುವಾಗ ಕೂಗಲು ಆಗುವುದಿಲ್ಲ. ಹಾಗಾಗಿ "ಕೂಗಿದರೆ ಕೇಳಿಸುತ್ತದೆ" ಅನ್ನುವ ಲೆಕ್ಕ ನೀರಿನ ಹತ್ತಿರ ನಡೆಯುವುದಿಲ್ಲ. ತರಬೇತಿ ಪಡೆದ ಜೀವರಕ್ಷಕರು ಇಲ್ಲದಿದ್ದರೆ ನೀರಿನ ಆಟವನ್ನೇ ಕೈಬಿಡಿ. ಮಕ್ಕಳು ಬೇಜಾರು ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ.

ಶೌಚಾಲಯ 20 ಜನಕ್ಕೆ ಒಂದರಂತೆ ಬೇಕು, ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ. ಗುಂಡಿ ತೋಡುವುದಾದರೆ ನೀರಿನ ಮೂಲದಿಂದ ಕನಿಷ್ಠ 30 ಮೀಟರ್ ದೂರ. ಹೊರಗೆ ಕೈ ತೊಳೆಯಲು ನೀರು, ಸೋಪು ಇರಲೇಬೇಕು. ಚಿಲಕಗಳನ್ನು ಒಂದೊಂದಾಗಿ ಹಾಕಿ ತೆಗೆದು ನೋಡಿ. ಇದು ಯಾಕೆ ಅಂತ ನಿಮಗೆ ಈಗ ಗೊತ್ತಿದೆ.

ಹತ್ತಿರದ ಆಸ್ಪತ್ರೆಗೆ ಗಾಡಿಯಲ್ಲಿ ಹೋಗಿ ಬನ್ನಿ. ಎಷ್ಟು ನಿಮಿಷ ಆಯಿತು ಅಂತ ಬರೆದಿಟ್ಟುಕೊಳ್ಳಿ. ರಾತ್ರಿ ತೆರೆದಿರುತ್ತದಾ ಅಂತ ಕೇಳಿ. ಮೈದಾನದಲ್ಲಿ ಫೋನ್ ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತ ನೋಡಿ ಆ ಜಾಗಕ್ಕೆ ಒಂದು ಗೂಟ ಹೊಡೆಯಿರಿ.

ಪೋಷಕರಿಗೆ ಎಲ್ಲ ಬಿಚ್ಚಿ ಹೇಳಿ

ಅರ್ಜಿಯಲ್ಲಿ ಮಗುವಿನ ಹೆಸರು, ವಯಸ್ಸು, ಅಲರ್ಜಿ, ತೆಗೆದುಕೊಳ್ಳುವ ಔಷಧಿ, ಉಬ್ಬಸ ಅಥವಾ ಫಿಟ್ಸ್ ಇದೆಯಾ, ತುರ್ತು ಹೊತ್ತಿನಲ್ಲಿ ಕರೆಯಬೇಕಾದ ಎರಡು ನಂಬರ್ ಇರಲಿ. ಮಗುವನ್ನು ಕರೆದುಕೊಂಡು ಹೋಗಲು ಯಾರಿಗೆ ಅನುಮತಿ ಇದೆ ಅನ್ನುವುದನ್ನೂ ಬರೆಸಿ. ಹಾಸಿಗೆ ಒದ್ದೆ ಮಾಡಿಕೊಳ್ಳುವ ಅಭ್ಯಾಸದ ಬಗ್ಗೆಯೂ ಮೆಲ್ಲಗೆ ಕೇಳಿ. ಎಷ್ಟೋ ಮಕ್ಕಳು ಇದೇ ಹೆದರಿಕೆಯಿಂದ ರಾತ್ರಿ ನಿದ್ದೆ ಮಾಡುವುದಿಲ್ಲ.

ಇನ್ನೊಂದು ಮಾತು. ಶಿಬಿರದಲ್ಲಿ ಬೈಬಲ್ ಕಥೆ ಇರುತ್ತದೆ, ಪ್ರಾರ್ಥನೆ ಇರುತ್ತದೆ, ಯೇಸುವಿನ ಬಗ್ಗೆ ಹೇಳುತ್ತೇವೆ ಅಂತ ಅರ್ಜಿಯ ಮೊದಲ ಪುಟದಲ್ಲೇ ಬರೆಯಿರಿ. "ಆಟ ಮತ್ತು ಕರಕುಶಲ ಶಿಬಿರ" ಅಂತ ಹೇಳಿ ಕರೆದು ಒಳಗೆ ಬೇರೆ ಮಾಡುವುದು ಮೋಸ. ಸಭೆಗೆ ಬಾರದ ಮನೆಯವರೂ ಮಕ್ಕಳನ್ನು ಕಳಿಸುತ್ತಾರೆ, ಸಂತೋಷ. ಆದರೆ ತಿಳಿದು ಕಳಿಸಲಿ. ಬೇಡ ಅಂದರೆ ಆ ಮನೆಯ ಜೊತೆ ಸ್ನೇಹವಾದರೂ ಉಳಿಯುತ್ತದೆ.

ದಿನಚರಿಯನ್ನು ಬಿಸಿಲು ಬರೆಯಲಿ

ಓಡುವ ಆಟಗಳು ಬೆಳಿಗ್ಗೆ ಮತ್ತು ಸಂಜೆ. ಬಿಸಿಲು ಏರಿದ ಮೇಲೆ, ಹೆಚ್ಚುಕಡಿಮೆ 11ರಿಂದ 4ರವರೆಗೆ, ನೆರಳಿನ ಕೆಲಸ. ಕಥೆ, ಚಿತ್ರ, ಊಟ, ವಿಶ್ರಾಂತಿ. ವಿಶ್ರಾಂತಿಯ ಒಂದು ಗಂಟೆಯನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ. ಸಂಜೆ ಜಗಳ, ಅಳು, ಮೊಣಕಾಲು ತರಚಿಕೊಳ್ಳುವುದು ಎಲ್ಲ ಆ ಒಂದು ಗಂಟೆ ತಪ್ಪಿದ ದಿನವೇ ಜಾಸ್ತಿ.

ಬಾಯಾರಿದಾಗ ಕುಡಿಯಿರಿ ಅಂದರೆ ಮಕ್ಕಳು ಕುಡಿಯುವುದಿಲ್ಲ. ಆಟದಲ್ಲಿ ಮರೆಯುತ್ತಾರೆ. 9ರಿಂದ 12 ವರ್ಷದ ಮಗು ಬಿಸಿಲಲ್ಲಿ ಆಡುವಾಗ 20 ನಿಮಿಷಕ್ಕೊಮ್ಮೆ 100ರಿಂದ 250 ಮಿಲಿ ನೀರು ಕುಡಿಯಬೇಕು. ಹಾಗಾಗಿ 20 ನಿಮಿಷಕ್ಕೊಮ್ಮೆ ಸೀಟಿ ಊದಿ. ಎಲ್ಲರೂ ಒಂದು ಲೋಟ ಕುಡಿಯಲಿ, ನಾಯಕರೂ ಕುಡಿಯಲಿ. ನಾವು ಆ ಸೀಟಿಗೇ ತಲೆ ಎಣಿಕೆಯನ್ನೂ ಸೇರಿಸಿದ್ದೇವೆ. ಲೋಟ ಹಿಡಿದು ನಿಂತ ಮಕ್ಕಳನ್ನು ಎಣಿಸುವುದು ಓಡುವ ಮಕ್ಕಳನ್ನು ಎಣಿಸುವುದಕ್ಕಿಂತ ಎಷ್ಟೋ ಸುಲಭ. ನೀರಿನ ಶುದ್ಧತೆ ಬಗ್ಗೆ ಅನುಮಾನ ಇದ್ದರೆ ಕುದಿಸಿ. ಕುದಿ ಬಂದ ಮೇಲೆ ಒಂದು ನಿಮಿಷ ಹಾಗೇ ಕುದಿಯಲಿ.

ತಲೆನೋವು, ವಾಕರಿಕೆ, ಜಾಸ್ತಿ ಬೆವರು, ಸುಸ್ತು ಕಂಡರೆ ಮಗುವನ್ನು ನೆರಳಿಗೆ ಕರೆತಂದು ಮಲಗಿಸಿ. ಬಟ್ಟೆ ಸಡಿಲ ಮಾಡಿ, ಒದ್ದೆ ಬಟ್ಟೆಯಿಂದ ಒರೆಸಿ, ಸ್ವಲ್ಪ ಸ್ವಲ್ಪವಾಗಿ ನೀರು ಕೊಡಿ. ಆದರೆ ಮಗು ತೊದಲುತ್ತಿದೆ, ಏನೇನೋ ಮಾತಾಡುತ್ತಿದೆ, ಪ್ರಜ್ಞೆ ತಪ್ಪುತ್ತಿದೆ, ಮೈ ಕೆಂಡದ ಹಾಗೆ ಸುಡುತ್ತಿದೆ ಅಂದರೆ ಅದು ಹೀಟ್ ಸ್ಟ್ರೋಕ್. ಮೈಯ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿರಬಹುದು. ಆಗ ಒಬ್ಬರು ಆಂಬುಲೆನ್ಸ್ ಕರೆಯಲಿ, ಇನ್ನೊಬ್ಬರು ಅದೇ ಹೊತ್ತಿಗೆ ಮೈ ಮೇಲೆ ತಣ್ಣೀರು ಸುರಿಯುತ್ತಾ ಗಾಳಿ ಹಾಕಲಿ. ಆಂಬುಲೆನ್ಸ್ ಬರಲಿ ಅಂತ ಕಾಯುತ್ತಾ ನಿಲ್ಲಬೇಡಿ. ಪ್ರಜ್ಞೆ ಸರಿ ಇಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ.

ವಾಂತಿ ಭೇದಿ ಆದರೆ ನೀರಿಗೆ ಕಲಸಿ ಕೊಡಲು ಓಆರ್‌ಎಸ್ ಪುಡಿಯ ಪೊಟ್ಟಣ ಇಟ್ಟುಕೊಂಡಿರಿ. ಮುಗಿದುಹೋದರೆ ಒಂದು ಲೀಟರ್ ಶುದ್ಧ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಮಟ್ಟಸವಾಗಿರಲಿ, ರಾಶಿ ಬೇಡ. ಉಪ್ಪು ಜಾಸ್ತಿ ಆದರೆ ಅಪಾಯ. ಮಾಡಿದ ಅಡುಗೆ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು, ಸೆಖೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಉಳಿದದ್ದನ್ನು ಚೆಲ್ಲುವಾಗ ಮನಸ್ಸು ನೋಯುತ್ತದೆ. ಅದಕ್ಕೇ ಅಳತೆ ನೋಡಿ ಮಾಡಿ.

ಬಯಲಿನಲ್ಲಿ ಪಾಠ ಹೇಳುವ ಬಗೆ

1868ರಲ್ಲಿ ಜೋಸಯ್ಯ ಸ್ಪಿಯರ್ಸ್ ಎಂಬಾತ ವೇಲ್ಸ್‌ನ ಲ್ಯಾಂಡಡ್ನೊ ಕಡಲ ತೀರದಲ್ಲಿ ಮರಳಿನ ಮೇಲೆ "ದೇವರು ಪ್ರೀತಿಯಾಗಿದ್ದಾನೆ" ಅಂತ ದೊಡ್ಡದಾಗಿ ಬರೆದ. ಅಲ್ಲಿ ಆಡುತ್ತಿದ್ದ ಮಕ್ಕಳನ್ನು ಕರೆದು ಆ ಅಕ್ಷರಗಳನ್ನು ಅಲಂಕರಿಸಲು ಹೇಳಿದ. ಅವರು ಅಲಂಕರಿಸುವಾಗ ಕಥೆ ಹೇಳಿದ. ಮೈಕು ಇಲ್ಲ, ಪರದೆ ಇಲ್ಲ. ಮಕ್ಕಳ ಕೈಗೆ ಕೆಲಸ, ಕಿವಿಗೆ ಕಥೆ. ಇವತ್ತಿಗೂ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಕಡಲು ಬೇಕಂತಿಲ್ಲ. ಒಣ ಎಲೆ, ಕಡ್ಡಿ, ಬೆಣಚುಕಲ್ಲು ಸಾಕು. ಅವತ್ತಿನ ಬಾಯಿಪಾಠದ ಬೈಬಲ್ ವಚನವನ್ನು ನೆಲದ ಮೇಲೆ ಜೋಡಿಸಲಿ, ಒಂದು ಗುಂಪಿಗೆ ಒಂದು ಪದ.

ಸೂರ್ಯ ಮಕ್ಕಳ ಬೆನ್ನಿಗಿರಲಿ. ನಿಮ್ಮ ಮುಖಕ್ಕೆ ಬಿಸಿಲು ಹೊಡೆಯುತ್ತದೆ, ಪರವಾಗಿಲ್ಲ. ಗಾಳಿ ಎಲ್ಲಿಂದ ಬೀಸುತ್ತದೋ ಆ ಕಡೆ ನೀವು ನಿಲ್ಲಿ, ಗಾಳಿಯೇ ನಿಮ್ಮ ದನಿಯನ್ನು ಮಕ್ಕಳ ಕಡೆ ಒಯ್ಯುತ್ತದೆ. ಚಿಕ್ಕ ಮಕ್ಕಳಿಗೆ ಹತ್ತು ನಿಮಿಷದ ಕಥೆ ಸಾಕು. ಹಕ್ಕಿ ಬಂದು ಕೂತರೆ ಎಲ್ಲರೂ ಅದನ್ನೇ ನೋಡುತ್ತಾರೆ. ನೀವೂ ನೋಡಿ, ಆಮೇಲೆ ಮುಂದುವರಿಸಿ.

ಕೊನೆಯ ರಾತ್ರಿ ಬೆಂಕಿಯ ಸುತ್ತ ಕೂರಿಸಿ, ನರಕದ ಕಥೆ ಹೇಳಿ ಹೆದರಿಸಿ "ಯಾರು ಯೇಸುವನ್ನು ಸ್ವೀಕರಿಸುತ್ತೀರಿ, ಕೈ ಎತ್ತಿ" ಅನ್ನುವುದನ್ನು ನಾನು ಒಪ್ಪುವುದಿಲ್ಲ. ದಣಿದ ಮಗು, ಕತ್ತಲು, ಪಕ್ಕದ ಗೆಳೆಯ ಕೈ ಎತ್ತಿದ್ದಾನೆ. ಅದೂ ಎತ್ತುತ್ತದೆ. ಎತ್ತಿದ ಕೈಗಳನ್ನು ಎಣಿಸಿ ವರದಿಗೆ ಬರೆಯುವುದನ್ನು ನಾವು ನಿಲ್ಲಿಸಿದ್ದೇವೆ. ಮಗುವಿಗೆ ಕೇಳಬೇಕು ಅನಿಸಿದರೆ ಮಾರನೇ ಬೆಳಿಗ್ಗೆ ತಾನಾಗಿಯೇ ಬಂದು ಕೇಳುತ್ತದೆ. ಆಗ ಸಮಾಧಾನವಾಗಿ ಮಾತಾಡಿ, ಮನೆಯವರಿಗೂ ತಿಳಿಸಿ. ಕಥೆಗೆ, ಪ್ರಾರ್ಥನೆಗೆ, ನಂಬಿಕೆಗೆ ಬಹುಮಾನ ಕಟ್ಟಬೇಡಿ.

ರಾತ್ರಿ

ಮೊದಲ ರಾತ್ರಿ ಒಂಬತ್ತು ವರ್ಷದ ಹುಡುಗನೊಬ್ಬ ಶೂ ಬಿಚ್ಚದೆ ಮಲಗಿದ್ದ. ಹೊದಿಕೆಯ ತುದಿಯಲ್ಲಿ ಮಣ್ಣಾದ ಶೂ ಕಾಣುತ್ತಿತ್ತು, ದಾರವನ್ನು ಎರಡೆರಡು ಗಂಟು ಬಿಗಿದಿದ್ದ. ಯಾಕೋ ಅಂತ ಅವನ ಗುಂಪಿನ ಅಣ್ಣ ಕೇಳಿದ. "ರಾತ್ರಿ ಅಪ್ಪ ಕರೆಯಲು ಬಂದರೆ ತಡ ಆಗಬಾರದು" ಅಂದ. ಅಪ್ಪ ಬರುವವರಿರಲಿಲ್ಲ. ಬಿಚ್ಚು ಅಂತ ಆ ಅಣ್ಣ ಒತ್ತಾಯ ಮಾಡಲಿಲ್ಲ. ತಾನೂ ಶೂ ಹಾಕಿಕೊಂಡು ಡೇರೆ ಬಾಗಿಲಲ್ಲಿ, ಇನ್ನೊಬ್ಬ ನಾಯಕನ ಜೊತೆ ಕೂತ. ಅರ್ಧ ಗಂಟೆಯಲ್ಲಿ ಹುಡುಗ ನಿದ್ದೆಹೋದ. ಎರಡನೇ ರಾತ್ರಿ ಶೂ ತಲೆದಿಂಬಿನ ಪಕ್ಕ ಇತ್ತು. ಮೂರನೇ ರಾತ್ರಿ ಎಲ್ಲರ ಶೂ ಜೊತೆ ಹೊರಗೆ.

ಮನೆ ನೆನಪಾಗುವ ಮಗುವಿಗೆ "ಅಳಬೇಡ" ಅಂದರೆ ಏನೂ ಪ್ರಯೋಜನವಿಲ್ಲ. ಮನೆಯಲ್ಲಿ ಯಾರ ಪಕ್ಕ ಮಲಗುತ್ತೀಯಾ ಅಂತ ಕೇಳಿ, ಹೇಳಲು ಬಿಡಿ. ನಾಳೆ ಬೆಳಿಗ್ಗೆಗೆ ಒಂದು ಚಿಕ್ಕ ಜವಾಬ್ದಾರಿ ಕೊಡಿ, ಗಂಟೆ ಬಾರಿಸುವುದೋ, ಲೋಟ ಜೋಡಿಸುವುದೋ. ಬೆಳಿಗ್ಗೆಯಿಂದಲೂ ಊಟ ಬಿಟ್ಟು ಅಳುತ್ತಿದ್ದರೆ ಮನೆಗೆ ಫೋನ್ ಮಾಡಿ. ಒಂದು ಮಗು ಬೇಗ ಮನೆಗೆ ಹೋದರೆ ಶಿಬಿರ ಸೋತಿತು ಅಂತಲ್ಲ.

ಡೇರೆಯೊಳಗೆ ಒಲೆ, ಮೇಣದ ಬತ್ತಿ, ಇದ್ದಿಲು ಬೇಡವೇ ಬೇಡ. ಬೆಂಕಿ ಹೊತ್ತಿಕೊಳ್ಳುವುದಷ್ಟೇ ಅಲ್ಲ, ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಶಿಬಿರದ ಬೆಂಕಿಯನ್ನು ನೀರು ಹಾಕಿ, ಕೆದಕಿ, ಮತ್ತೆ ನೀರು ಹಾಕಿ, ಬೂದಿಯ ಹತ್ತಿರ ಕೈ ಹಿಡಿದರೆ ಬಿಸಿ ತಾಗದಷ್ಟು ಆರಿಸಿ ಮಲಗಿ.

ಗುಡುಗು ಕೇಳಿಸಿದರೆ ಆಟ ಅಲ್ಲಿಗೇ ನಿಲ್ಲಬೇಕು. ಒಂಟಿ ಮರದ ಕೆಳಗಲ್ಲ, ಡೇರೆಗೂ ಅಲ್ಲ, ಗಟ್ಟಿ ಕಟ್ಟಡಕ್ಕೋ ಮುಚ್ಚಿದ ವಾಹನಕ್ಕೋ ಹೋಗಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆದ ಮೇಲಷ್ಟೇ ಹೊರಗೆ ಬನ್ನಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಮಗುವನ್ನು ಅಲುಗಾಡಿಸದೆ ನೇರ ಆಸ್ಪತ್ರೆಗೆ ಒಯ್ಯಿರಿ.

ಎಣಿಸುವುದು ಹೇಗೆ

ಪ್ರತಿ ಗುಂಪು ನಾಯಕರ ಕುತ್ತಿಗೆಯಲ್ಲಿ ಒಂದು ಚೀಟಿ ಇರಲಿ, ಅದರಲ್ಲಿ ಅವರ ಗುಂಪಿನ ಹೆಸರುಗಳು. ಪ್ರತಿ ಮಗುವಿಗೂ ಒಂದು ಜೊತೆಗಾರ. ಶೌಚಾಲಯಕ್ಕೆ ಹೋದರೂ ಇಬ್ಬರೇ ಹೋಗಲಿ, ಒಬ್ಬರು ಹೊರಗೆ ನಿಲ್ಲಲಿ. ಜಾಗ ಬದಲಾಯಿಸುವ ಮೊದಲು ಎಣಿಸಿ, ಬದಲಾಯಿಸಿದ ಮೇಲೆ ಎಣಿಸಿ. ಊಟಕ್ಕೆ, ಮಲಗುವಾಗ, ಎದ್ದಾಗ ಎಣಿಸಿ. ನಾಯಕರು ತಮ್ಮ ಗುಂಪಿನ ಸಂಖ್ಯೆಯನ್ನು ಜೋರಾಗಿ ಹೇಳಲಿ, ಒಬ್ಬರು ಕೂಡಿಸಿ ಬೋರ್ಡಿನ ಸಂಖ್ಯೆಗೆ ಹೋಲಿಸಲಿ. ಯಾರಾದರೂ ಬೇಗ ಮನೆಗೆ ಹೋದರೆ ಆ ಕ್ಷಣವೇ ಬೋರ್ಡ್ ತಿದ್ದಿ. ದೊಡ್ಡ ಹಾಡು ಶುರು ಮಾಡುವ ಮೊದಲೂ ಎಣಿಸಿ.

ಒಂದು ಕಡಿಮೆ ಬಂದರೆ ಏನು ಮಾಡಬೇಕು ಅಂತ ಮೊದಲ ದಿನವೇ ತಂಡ ಅಭ್ಯಾಸ ಮಾಡಿರಲಿ. ಉದ್ದ ಸೀಟಿ ಮೂರು. ಮಕ್ಕಳೆಲ್ಲ ಕೂರುತ್ತಾರೆ. ಇಬ್ಬರು ನೀರಿನ ಕಡೆ ಮೊದಲು ಓಡುತ್ತಾರೆ, ಇಬ್ಬರು ರಸ್ತೆಯ ಕಡೆ, ಒಬ್ಬರು ಡೇರೆಗಳು, ಒಬ್ಬರು ಶೌಚಾಲಯ. ಉಳಿದವರು ಮಕ್ಕಳ ಜೊತೆ. ಎಷ್ಟು ನಿಮಿಷಕ್ಕೆ ಪೊಲೀಸರನ್ನು, ಮನೆಯವರನ್ನು ಕರೆಯಬೇಕು ಅಂತ ಮೊದಲೇ ನಿರ್ಧರಿಸಿ. ನಾವು ಹತ್ತು ನಿಮಿಷ ಇಟ್ಟುಕೊಂಡಿದ್ದೇವೆ. ಮಗು ನೀರಿಗೆ ಇಳಿದಿರಬಹುದು ಅನ್ನುವ ಅನುಮಾನ ಇದ್ದರೆ ಆ ಹತ್ತು ನಿಮಿಷವೂ ಇಲ್ಲ, ತಕ್ಷಣ ಕರೆಯಿರಿ.

ಕೊನೆಯ ದಿನ

ಎಲ್ಲರೂ ದಣಿದಿರುತ್ತಾರೆ. ಪೋಷಕರು ಒಟ್ಟಿಗೇ ಬರುತ್ತಾರೆ, ಸದ್ದು ಗದ್ದಲ. ಗೇಟಿನಲ್ಲಿ ಒಂದು ಮೇಜು ಹಾಕಿ, ಅರ್ಜಿಗಳ ಕಡತ ಹಿಡಿದು ಇಬ್ಬರು ಕೂರಲಿ. ಅನುಮತಿ ಬರೆದಿರುವವರ ಕೈಗೆ ಮಾತ್ರ ಮಗುವನ್ನು ಕೊಡಿ. ಸಹಿ ಹಾಕಿಸಿಕೊಳ್ಳಿ. "ನಾನು ಅವರ ಚಿಕ್ಕಪ್ಪ" ಅಂತ ಯಾರಾದರೂ ಬಂದು, ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಮನೆಗೆ ಫೋನ್ ಮಾಡಿ. ಅವರು ಬೇಜಾರು ಮಾಡಿಕೊಂಡರೂ ಸರಿ. ಕೊಟ್ಟ ಔಷಧಿ, ಆದ ಗಾಯ, ಅತ್ತ ರಾತ್ರಿ ಎಲ್ಲವನ್ನೂ ಪೋಷಕರಿಗೆ ನಿಮ್ಮ ಬಾಯಿಂದಲೇ ಹೇಳಿ.

ಡೇರೆ ಬಿಚ್ಚುವ ಕೆಲಸ ಆಮೇಲೆ. ಒಂದೊಂದು ಮಗು ಹೋದ ಹಾಗೆ ಬೋರ್ಡಿನ ಸಂಖ್ಯೆಯನ್ನು ಅಳಿಸಿ ಬರೆಯಿರಿ. ಕೊನೆಯ ಮಗುವಿನ ಮನೆಯವರು ತಡವಾಗಿ ಬರಬಹುದು. ಇಬ್ಬರು ನಾಯಕರು ಮಗುವಿನ ಜೊತೆ ಅಲ್ಲೇ ಕೂತಿರಲಿ, ಉಳಿದ ಹಣ್ಣೋ ಬಿಸ್ಕತ್ತೋ ಹಂಚಿಕೊಂಡು. ಬೋರ್ಡ್ ಮೇಲೆ 1 ಇರುವವರೆಗೂ ಯಾರೂ ಗೇಟು ಮುಚ್ಚಬೇಡಿ.